ಸತ್ತವರ ಮುಖ ತೆಗೆಯದ ಮೇಷ್ಟ್ರು

ನಮ್ಮ ಪತ್ರಿಕೆಯ ಫೋಟೊಗ್ರಾಫರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೆ ಎಲ್ಲಿ ಬೆಂಕಿ ಬಿದ್ದರೂ, ಎಲ್ಲಿ ಸೇತುವೆ ಮುರಿದರೂ, ಅಲ್ಲಿ ಸೇರಿದ ಬೇರೆ ಪತ್ರಿಕೆಗಳ ಫೋಟೊಗ್ರಾಫರುಗಳನ್ನು ಹಿಡಿದು ನಿಂತ ನಿಲುವಿನಲ್ಲೇ ಪಾಠ ಶುರು ಮಾಡುತ್ತಿದ್ದರು. ಅಳುವವರ ಮೂಗಿನ ಹತ್ತಿರ ಲೆನ್ಸ್ ಒಯ್ಯಬೇಡ. ಚೀಲದಲ್ಲಿ ನೀರಿನ ಬಾಟಲಿ ಇದ್ದರೆ ಮೊದಲು ಅದನ್ನು ಕೊಡು, ಆಮೇಲೆ ಕ್ಯಾಮೆರಾ ಎತ್ತು. ಸತ್ತವರ ಮುಖ ತೆಗೆಯಬೇಡ. ಮೊದಲಿನ ಎರಡರಲ್ಲಿ ಒಂದಿಷ್ಟು ರಿಯಾಯಿತಿ ಸಿಗುತ್ತಿತ್ತು. ಮೂರನೆಯದರಲ್ಲಿ ಸಂಪಾದಕರು ಎದ್ದು ನಿಂತು ಕೂಗಾಡಿದರೂ ಸಿಗುತ್ತಿರಲಿಲ್ಲ.

ಆ ಹಟಕ್ಕೆ ಕಾರಣವಿತ್ತು. ಅವರ ಅಣ್ಣ ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಕಾಲುವೆಗೆ ಬಿದ್ದು ಸತ್ತಿದ್ದ. ಯಾವುದೋ ಪತ್ರಿಕೆ, ಪುಣ್ಯಕ್ಕೆ ನಮ್ಮದಲ್ಲ, ಅವನ ಊದಿದ ಮುಖವನ್ನು ದೊಡ್ಡದಾಗಿ ಅಚ್ಚು ಹಾಕಿತು. ಕೆಲವು ವಾರಗಳಾದ ಮೇಲೆ ಅವರ ತಾಯಿ ಅಂಗಡಿಯಿಂದ ತಂದ ಸಕ್ಕರೆ ಪೊಟ್ಟಣ ಬಿಚ್ಚಿದರೆ, ಸುತ್ತಿದ ಕಾಗದದಲ್ಲಿ ಮಗ! ಆ ತಾಯಿ ಅಲ್ಲಿಂದಾಚೆ ಪೊಟ್ಟಣ ಬಿಚ್ಚುವ ಕೆಲಸವನ್ನೇ ಕಿರಿಮಗನಿಗೆ ಬಿಟ್ಟರಂತೆ. ಮೇಷ್ಟ್ರು ಇದನ್ನು ನನಗೆ ಹೇಳಿದ್ದು ಒಂದೇ ಸಲ. ಮತ್ತೆ ಕೇಳುವ ಧೈರ್ಯ ನನಗೂ ಬರಲಿಲ್ಲ.

ನಾನು ಪುಟ ಕಟ್ಟುವವಳು. ವರದಿಗಾರರು ತಂದ ಸುದ್ದಿ, ಮೇಷ್ಟ್ರು ತಂದ ಚಿತ್ರ, ಜಾಹೀರಾತಿನವರು ನುಂಗಿ ಉಳಿಸಿದ ಜಾಗ, ಇಷ್ಟನ್ನೂ ಹೊಂದಿಸಿ ಪುಟ ಮಾಡುವುದು ನನ್ನ ಕೆಲಸ. ನಾನು ಚಿತ್ರವನ್ನು ಎಲ್ಲಿ ಕತ್ತರಿಸಿಬಿಡುತ್ತೇನೋ ಎಂದು ಮೇಷ್ಟ್ರು ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಚಿತ್ರದ ಕೆಳಗೆ ಬರೆಯುವ ಒಂದು ಸಾಲಿಗೆ ನಮ್ಮಿಬ್ಬರಿಗೂ ದಿನಾ ಜಗಳ.

‘ಮಗನನ್ನು ಕಳೆದುಕೊಂಡ ತಾಯಿ ಅಂತ ಬರೆದಿದ್ದೀಯಲ್ಲ, ಇವರು ತಾಯಿ ಅಂತ ನಿನಗೆ ಯಾರು ಹೇಳಿದ್ರು?’

‘ಎದೆ ಬಡ್ಕೊಂಡು ಅಳ್ತಾ ಇದ್ದಾರಲ್ಲ ಮೇಷ್ಟ್ರೇ.’

‘ಅಳೋರೆಲ್ಲ ತಾಯಂದಿರಾ? ಚಿಕ್ಕಮ್ಮ ಅಳಬಾರದಾ? ಪಕ್ಕದ ಮನೆಯವರು ಅಳಬಾರದಾ? ನಾನು ಕೇಳಿಲ್ಲ, ನೀನು ಬರೀಬೇಡ. ಮಹಿಳೆಯೊಬ್ಬರು ಅಂತ ಹಾಕು.’

ಹೀಗೆ ನಮ್ಮ ಪತ್ರಿಕೆಯ ತುಂಬ ‘ಮಹಿಳೆಯೊಬ್ಬರು’, ‘ವೃದ್ಧರೊಬ್ಬರು’. ನನಗೆ ರೇಗುತ್ತಿತ್ತು, ಆದರೂ ಹಾಕುತ್ತಿದ್ದೆ. ಅವರ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿದುಕೊಡುವ ಜೋರು ಹೆಂಗಸು. ಆಕೆಯ ದೂರೇ ಬೇರೆ. ‘ಊರವರ ಮಾನ ಕಾಯ್ತಾರೆ, ಸರಿ. ನನ್ನದೊಂದು ನೆಟ್ಟಗಿನ ಫೋಟೊ ಈ ಮನೆಯಲ್ಲಿ ಇದೆಯಾ ಕೇಳಿ,’ ಎನ್ನುತ್ತಿದ್ದರು. ಮೇಷ್ಟ್ರು ನಕ್ಕುಬಿಡುತ್ತಿದ್ದರು. ನಗುವುದಕ್ಕೆ ಅವರಿಗೆ ಆಗ ಏನೂ ಕಷ್ಟವಿರಲಿಲ್ಲ.

ಆಮೇಲೆ ಗಣಿಯ ಗುಡ್ಡ ಜಾರಿತು. ಗಣಿಯಿಂದ ತೆಗೆದ ಬೇಡದ ಮಣ್ಣನ್ನು ವರ್ಷಗಟ್ಟಲೆ ಒಂದೇ ಕಡೆ ಸುರಿದು ಸುರಿದು ಅದೇ ಒಂದು ಗುಡ್ಡವಾಗಿತ್ತು. ಅದರ ಬುಡದಲ್ಲೇ ಕಾರ್ಮಿಕರ ಕಾಲೊನಿ. ಜಾರಬಹುದು ಎಂದು ಹೇಳಿದವರಿದ್ದರು, ಕೇಳಿಸಿಕೊಂಡು ಕಿವಿ ಕೊಡವಿಕೊಂಡವರೂ ಇದ್ದರು. ಬೆಳಗಿನ ಪಾಳಿಯ ಗಂಡಸರು ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೆ ಗುಡ್ಡ ಅರ್ಧಕ್ಕರ್ಧ ಕೆಳಗಿಳಿದು ಮನೆಗಳ ಮೇಲೆ ಕೂತಿತು. ಮೇಷ್ಟ್ರು ಮಧ್ಯಾಹ್ನದೊಳಗೆ ಅಲ್ಲಿದ್ದರು. ಅವರ ಜೊತೆಗೇ ಬಂದವನು ಸಂಜೆ ಪತ್ರಿಕೆಯ ಫೋಟೊಗ್ರಾಫರ್. ಅವನಿಗೆ ನಾವು ಇಟ್ಟ ಹೆಸರು ಹದ್ದು. ಎಲ್ಲಿ ಹೆಣವೋ ಅಲ್ಲಿ ಅವನು ಎಂದು.

ಅಂದು ಮೇಷ್ಟ್ರು ತೆಗೆದ ಚಿತ್ರವನ್ನು ನೀವು ನೋಡಿದ್ದರೂ ನೋಡಿರಬಹುದು. ರಕ್ಷಣಾ ತಂಡದವನೊಬ್ಬ ಮೊಣಕಾಲವರೆಗೆ ಕೆಸರಲ್ಲಿ ನಿಂತಿದ್ದಾನೆ. ಅವನ ತೋಳಲ್ಲಿ ಆರು ವರ್ಷದಷ್ಟಿರಬಹುದಾದ ಹುಡುಗಿ. ಹಳದಿ ಫ್ರಾಕು, ಒಂದೇ ಕಾಲಲ್ಲಿ ಚಪ್ಪಲಿ. ಮುಖ ಅವನ ಭುಜದಲ್ಲಿ ಹುದುಗಿದೆ, ನಿದ್ದೆ ಬಂದ ಮಕ್ಕಳನ್ನು ಹೊರುವ ಹಾಗೆಯೇ ಅವನು ಹೊತ್ತಿದ್ದಾನೆ. ಮೊದಲು ಅವನು ಮಗುವನ್ನು ಅಂಗಾತ ಎತ್ತಿದ್ದನಂತೆ. ಯಾರೋ ಬಂದು ಒದ್ದೆ ಬಟ್ಟೆಯಲ್ಲಿ ಮುಖದ ಮಣ್ಣನ್ನೂ ಒರೆಸಿದರಂತೆ. ಮೇಷ್ಟ್ರು ಕ್ಯಾಮೆರಾ ಹಿಡಿದು ಕಾದರು. ಅವನು ಮಗುವನ್ನು ಭುಜಕ್ಕೆ ಒರಗಿಸಿಕೊಂಡು ಮುಖ ಮರೆಯಾದ ಮೇಲೆ ಒತ್ತಿದರು.

ಹದ್ದು ಕಾಯಲಿಲ್ಲ. ಮುಖ ಒರೆಸುವಾಗಲೇ ಹತ್ತಿರ ಹೋಗಿ ತೆಗೆದ. ಮೇಷ್ಟ್ರು ಅದನ್ನು ಕಂಡಿದ್ದರು. ಪತ್ರಿಕೆಯವರಿಗೆಂದು ಹಾಕಿದ್ದ ಡೇರೆಯಲ್ಲಿ ಎಲ್ಲರೆದುರು ಅವನ ಕೊರಳಪಟ್ಟಿ ಹಿಡಿದರು. ‘ನಿನ್ನ ಮಗಳಾಗಿದ್ರೆ ತೆಗೀತಿದ್ಯೇನೋ? ಅಳಿಸು. ನನ್ನ ಕಣ್ಣೆದುರಿಗೆ ಅಳಿಸು.’ ಅಲ್ಲಿದ್ದವರೆಲ್ಲ ಮೇಷ್ಟ್ರ ಕಡೆಗೇ ಸೇರಿದರು. ಹದ್ದು ತಲೆ ತಗ್ಗಿಸಿಕೊಂಡು ಆ ಮಗುವಿನ ಮುಖದ ಚಿತ್ರಗಳನ್ನು ಒಂದೊಂದಾಗಿ ಅಳಿಸಿದ. ಮರುದಿನ ಈ ಸಂಗತಿ ಕಚೇರಿಗೆ ತಲುಪಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಈಗ ಕೇಳಿದರೂ ನಾನು ತಟ್ಟುತ್ತೇನೆ. ಮುಂದೆ ಏನೇ ಆಗಿರಲಿ, ಹದ್ದು ಮಾಡಿದ್ದು ಹೊಲಸು ಕೆಲಸವೇ.

ಮೇಷ್ಟ್ರ ಚಿತ್ರಕ್ಕೆ ಬಹುಮಾನ ಬಂತು. ‘ಸಾವಿಗೂ ಗೌರವ ಕೊಟ್ಟ ಚಿತ್ರ’ ಎಂದು ಕೊಟ್ಟವರು ಬರೆದರು. ಮಾಲೀಕರು ಅದನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ಲಿಫ್ಟಿನ ಪಕ್ಕ ತೂಗುಹಾಕಿದರು. ಮೇಷ್ಟ್ರು ಅದನ್ನು ನೋಡಲಾಗದೆ ಮೆಟ್ಟಿಲು ಹತ್ತಿ ಬರತೊಡಗಿದರು. ನಮ್ಮದು ನಾಲ್ಕನೇ ಮಹಡಿ, ಅವರ ಮಂಡಿಯೋ ಆಗಲೇ ಮಾತು ಕೇಳುತ್ತಿರಲಿಲ್ಲ. ‘ವ್ಯಾಯಾಮ,’ ಎನ್ನುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಒಂದು ದಿನ, ನಾನು ಕೆಲಸಕ್ಕೆ ಬರುವ ಹೊತ್ತಿಗೆ, ಒಬ್ಬಾತ ಆ ದೊಡ್ಡ ಚಿತ್ರದ ಮುಂದೆ ನಿಂತಿದ್ದ. ಫ್ರಾಕಿನ ಅಂಚನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದ. ಇದನ್ನು ತೆಗೆದವರು ಬೇಕು ಎಂದ. ಆತ ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರ ನಡೆಸುವವನು. ಅದು ತನ್ನ ಮಗಳು ಎಂದ.

ನಾನು ಮೇಷ್ಟ್ರನ್ನು ಕರೆತಂದು ಮೂವರಿಗೂ ಟೀ ತರಿಸಿದೆ. ಆತ ಟೀ ಮುಟ್ಟದೆ ಎಲ್ಲ ಹೇಳಿದ. ಗುಡ್ಡ ಜಾರಿದಾಗ ಆತ ಪಾಳಿಯಲ್ಲಿದ್ದ. ಓಡಿ ಬಂದು ತನ್ನ ಮನೆಯಿದ್ದ ಜಾಗದಲ್ಲಿ ಅಗೆಯತೊಡಗಿದ. ಹೆಂಡತಿ ಅಲ್ಲೇ ಸಿಕ್ಕಳು, ಸೊಂಟದವರೆಗೆ ಹೂತು, ಕಾಲು ಮುರಿದು, ಪ್ರಜ್ಞೆಯಿಲ್ಲದೆ. ಆಕೆಯನ್ನು ಆಸ್ಪತ್ರೆಗೆ ಕಳಿಸಿ ಮಗಳಿಗಾಗಿ ಅಲ್ಲೇ ಅಗೆಯುತ್ತಲೇ ಇದ್ದ. ಮಗಳನ್ನು ಕೆಸರು ಅಷ್ಟು ದೂರ ಎಳೆದೊಯ್ದು ಕೆಳಗಿನ ಓಣಿಯಲ್ಲಿ ಬಿಟ್ಟಿದೆ ಎಂದು ಆತನಿಗೆ ಹೇಗೆ ಗೊತ್ತಾಗಬೇಕು? ಮೊದಲ ದಿನ ಸಿಕ್ಕ, ಯಾರೂ ಗುರುತಿಸದ ಹೆಣಗಳನ್ನೆಲ್ಲ ರೋಗ ಹರಡೀತೆಂದು ಅಂದೇ ಒಟ್ಟಿಗೆ ಮಣ್ಣು ಮಾಡಿದ್ದರು. ಗುರುತಿಗಾಗಿ ಫೋಟೊ ತೆಗೆಯಬೇಕಾದ ಪೊಲೀಸ್ ಫೋಟೊಗ್ರಾಫರ್ ಅಲ್ಲಿಗೆ ಬಂದದ್ದು ಆಮೇಲೆ. ತಂದೆ ಈ ಚಿತ್ರವನ್ನು ಆಸ್ಪತ್ರೆಯಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆಯಲ್ಲಿ ಕಂಡಿದ್ದ. ಫ್ರಾಕು ಕಂಡು, ಚಪ್ಪಲಿ ಕಂಡು, ಕಾಲ ಬೆರಳು ಕಂಡು ಗುರುತು ಹಿಡಿದಿದ್ದ.

‘ನನಗೆ ಗೊತ್ತು ಸರ್, ಇವಳೇ. ನನ್ನ ಹೆಂಡತಿ ಒಪ್ಪಲ್ಲ,’ ಎಂದ. ‘ಆ ಹಳದಿ ಬಟ್ಟೆ ಕಾಲೊನಿ ಅಂಗಡಿಗೆ ಒಂದು ದೊಡ್ಡ ಥಾನು ಬಂದಿತ್ತು. ಅರ್ಧ ಕಾಲೊನಿ ಹೆಣ್ಣುಮಕ್ಕಳಿಗೆ ಅದೇ ಫ್ರಾಕು. ಮುಖ ತೋರಿಸು, ನಂಬ್ತೀನಿ ಅಂತಾಳೆ. ಕೋಲು ಊರಿಕೊಂಡು ದಿನಾ ಅನಾಥಾಶ್ರಮ, ಶಾಲೆ ಬಾಗಿಲು, ಬಸ್ ನಿಲ್ದಾಣ ಸುತ್ತುತಾಳೆ. ಡಾಕ್ಟರು ಹೀಗೆ ನಡೆದ್ರೆ ಆ ಕಾಲು ಉಳಿಯಲ್ಲ ಅಂದಿದ್ದಾರೆ. ಒಂದೇ ಒಂದು ಮುಖದ ಫೋಟೊ ಕೊಡಿ ಸರ್. ಎಷ್ಟು ಕೆಟ್ಟದಾಗಿದ್ರೂ ಪರವಾಗಿಲ್ಲ. ಅವಳು ಒಂದು ಸಲ ಅತ್ತು ಮುಗಿಸಲಿ.’

ಮೇಷ್ಟ್ರು ಎದ್ದುಹೋಗಿ ತಮ್ಮ ಕಂಪ್ಯೂಟರಿನಲ್ಲಿ ಆ ದಿನದ ಚಿತ್ರಗಳನ್ನೆಲ್ಲ ತೆರೆದರು. ಆತ ಪಕ್ಕದಲ್ಲಿ ಬಗ್ಗಿ ನಿಂತ. ಕಾಲು ಇತ್ತು, ಕೈ ಇತ್ತು, ಬೆನ್ನಿತ್ತು, ಹೊತ್ತವನ ಅಳುಮುಖ ಎಷ್ಟು ಬೇಕಾದರೂ ಇತ್ತು. ಮಗುವಿನ ಮುಖ ಒಂದರಲ್ಲೂ ಇರಲಿಲ್ಲ. ಅಷ್ಟು ಶ್ರದ್ಧೆಯಿಂದ ತಪ್ಪಿಸಿದ್ದರು ನಮ್ಮ ಮೇಷ್ಟ್ರು.

‘ನೀವು ಕಣ್ಣಾರೆ ನೋಡಿದ್ರಲ್ಲ ಸರ್?’ ಆತ ಕೇಳಿದ.

‘ಯಾವಾಗ ಮುಖ ಮರೆಯಾಗುತ್ತೆ ಅಂತ ಕಾಯ್ತಾ ಇದ್ದೆ,’ ಎಂದರು ಮೇಷ್ಟ್ರು. ‘ಕಾಣಿಸ್ತಿದ್ದಾಗ ನಾನು ನೋಡಲೇ ಇಲ್ಲಪ್ಪ.’

ಹೊತ್ತವನನ್ನು ಆತ ಮೊದಲೇ ಹುಡುಕಿ ಕೇಳಿದ್ದ. ಅವನು ಅಂದು ಎಷ್ಟೋ ಮಕ್ಕಳನ್ನು ಹೊತ್ತಿದ್ದ, ಯಾವ ಮುಖ ಯಾವುದೆಂದು ಹೇಳಲಾಗದೆ ಕೈಮುಗಿದಿದ್ದ. ಮುಖ ಒರೆಸಿದವರು ಯಾರೆಂದೇ ತಿಳಿಯಲಿಲ್ಲ. ಇನ್ನು ಉಳಿದಿದ್ದವನು ಹದ್ದು. ಮೇಷ್ಟ್ರು ಅಂದೇ ಅವನ ಕಚೇರಿಗೆ ಹೊರಟರು. ಅವರೊಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಜೊತೆಗೆ ಹೋದೆ. ಹದ್ದು ಕೆಳಗಿನ ಕ್ಯಾಂಟೀನಿನಲ್ಲಿ ಬ್ರೆಡ್ ತಿನ್ನುತ್ತಿದ್ದ. ಬಿದ್ದು ಬಿದ್ದು ನಗುತ್ತಾನೆ, ಸೇಡು ತೀರಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಬ್ರೆಡ್ಡನ್ನು ಕೆಳಗಿಟ್ಟ.

‘ಇತ್ತು ಮೇಷ್ಟ್ರೇ. ಮಣ್ಣು ಒರೆಸಿದ ಮೇಲೆ ತೆಗೆದದ್ದು, ಮುಖ ಸ್ಪಷ್ಟವಾಗಿತ್ತು. ನೀವೇ ಎದುರಿಗೆ ನಿಂತು ಅಳಿಸೋ ಹಾಗೆ ಮಾಡಿದ್ರಲ್ಲ. ಆ ಮೆಮೊರಿ ಕಾರ್ಡಿನ ಮೇಲೆ ಆಮೇಲೆ ಎಷ್ಟು ಮದುವೆ, ಎಷ್ಟು ಸಭೆ ತೆಗೆದಿದ್ದೀನೋ. ಈಗ ಯಾರಪ್ಪ ಬಂದ್ರೂ ಸಿಗಲ್ಲ.’

‘ಮುಖ ನೆನಪಿದೆಯೇನೋ?’

‘ನೆನಪಿಟ್ಕೊಳ್ಳೋಕೆ ಕಾರ್ಡ್ ಇತ್ತಲ್ಲ ಅಂತ ನಾನೂ ನೋಡಲಿಲ್ಲ ಮೇಷ್ಟ್ರೇ,’ ಎಂದ ಹದ್ದು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು, ‘ಹಂಗಾದ್ರೆ ನಾನು ಮಾಡಿದ್ದು ತಪ್ಪಾ?’ ಎಂದು ಕೇಳಿದರು. ಅಲ್ಲ ಎಂದೆ. ‘ಮತ್ತೆ ಅವನು ಮಾಡಿದ್ದು ಸರಿಯಾ?’ ಅಲ್ಲ ಎಂದೆ. ‘ಮತ್ತೇನು?’ ಎಂದರು. ಅದಕ್ಕೆ ಉತ್ತರ ಇದೆ ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಮುಖವಿಲ್ಲ ಎಂದು ತಿಳಿದ ಮೇಲೆ ತಂದೆ ಇನ್ನೊಂದು ದಾರಿ ಹಿಡಿದ. ಮಾರನೆಯ ವಾರ ನಮ್ಮಿಬ್ಬರನ್ನೂ ತನ್ನ ನಾದಿನಿಯ ಮನೆಯ ಬೀದಿಗೆ ಕರೆದ. ಗಂಡ ಹೆಂಡತಿ ಈಗ ಅಲ್ಲೇ ಮೇಲಿನ ಕೋಣೆಯಲ್ಲಿದ್ದರು. ಮನೆಗೆ ಕರೆದೊಯ್ಯುವ ಮೊದಲು ಮೂಲೆಯ ಟೀ ಅಂಗಡಿಯಲ್ಲಿ ಮೇಷ್ಟ್ರ ಎದುರಿಗೆ ಕೂತ.

‘ನೋಡಿದೆ ಅಂತ ಒಂದು ಮಾತು ಹೇಳಿಬಿಡಿ ಸರ್. ಅವಳಿಗೆ ಹುಬ್ಬಿನ ಮೇಲೆ ಗಾಯದ ಗುರುತಿತ್ತು. ಮಂಚದ ಮೂಲೆ ತಾಗಿ ಆಗಿದ್ದು. ಇಲ್ಲಿ,’ ಎಂದು ತನ್ನ ಹುಬ್ಬಿನ ತುದಿಯನ್ನು ಬೆರಳಿಂದ ಮುಟ್ಟಿ ತೋರಿಸಿದ. ‘ಅದನ್ನ ಕಂಡೆ ಅಂತ ಹೇಳಿ. ನೀವು ಪತ್ರಿಕೆಯವರು, ನಿಮ್ಮ ಮಾತು ನಂಬ್ತಾಳೆ.’

‘ಕಾಣದ್ದನ್ನ ಕಂಡೆ ಅಂತ ನಾನು ಯಾವತ್ತೂ ಹೇಳಿಲ್ಲಪ್ಪ.’

‘ಅವಳ ಕಾಲು ಹೋಗುತ್ತೆ ಸರ್,’ ಎಂದ ಆತ. ಅಳಲಿಲ್ಲ. ಅತ್ತಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೋ ಏನೋ, ಅಳುವವರನ್ನು ಅವರು ಜೀವನವೆಲ್ಲ ಕಂಡವರು. ಖಾಲಿ ಲೋಟ ಕೆಳಗಿಟ್ಟು ಎದ್ದರು. ಆಮೇಲೆ ನನ್ನ ಮುಖ ನೋಡದೆ, ‘ನಡಿ,’ ಎಂದರು.

ಮೇಲಿನ ಕೋಣೆಯಲ್ಲಿ ಒಂದು ಮಂಚ, ಒಂದು ಸೀಮೆಎಣ್ಣೆ ಸ್ಟೌ, ಗೋಡೆಗೆ ಒರಗಿಸಿದ ಕೋಲು. ತಾಯಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದ ಊದಿ ಬಣ್ಣ ಕೆಟ್ಟಿತ್ತು. ದುಃಖಕ್ಕೆ ಮಂಕಾದವಳನ್ನು ನಿರೀಕ್ಷಿಸಿ ಹೋಗಿದ್ದೆವು. ಆಕೆಯ ಕಣ್ಣು ಚೂರಿಯ ಹಾಗಿತ್ತು.

‘ಕೂತ್ಕೊಳ್ಳಿ ಸರ್. ನೀವು ಅವಳ ಮುಖ ನೋಡಿದ್ದೀರಿ ಅಂತ ಇವರು ಹೇಳಿದ್ರು. ನಾನು ಒಂದಕ್ಷರ ಬಾಯಿ ಬಿಡಲ್ಲ. ಬಾಯಿಬಿಟ್ರೆ ನೀವು ಹೌದು ಹೌದು ಅಂತೀರಿ. ಏನು ಕಂಡಿರೋ ನೀವೇ ಹೇಳಿ.’

 ಮೇಷ್ಟ್ರು ಸಣ್ಣ ಮುಖ ಅಂದರು, ಮಣ್ಣು ಒರೆಸಿದರು ಅಂದರು. ನೋವು ಕಂಡ ಹಾಗಿರಲಿಲ್ಲ ಅಂದರು. ಆಕೆ ಕದಲಲಿಲ್ಲ. ‘ಹುಬ್ಬಿನ ಮೇಲೆ ಒಂದು ಹಳೇ ಗಾಯದ ಗುರುತಿತ್ತಮ್ಮ,’ ಎಂದರು.

ಆಕೆಯ ಕೈ ಮಂಚದ ಅಂಚನ್ನು ಹಿಡಿಯಿತು. ಇನ್ನೊಂದು ಕ್ಷಣದಲ್ಲಿ ಆಕೆ ಮುರಿದು ಬೀಳುತ್ತಾಳೆ, ಬಿದ್ದು ಅಳುತ್ತಾಳೆ, ಅಲ್ಲಿಗೆ ಒಂದು ಮುಗಿಯುತ್ತದೆ ಎಂದು ನಾನು ಎದ್ದು ಹಿಡಿದುಕೊಳ್ಳಲು ಸಿದ್ಧಳಾದೆ.

‘ಯಾವ ಹುಬ್ಬು?’ ಎಂದು ಕೇಳಿದಳು.

‘ಎಡ ಹುಬ್ಬು,’ ಎಂದರು ಮೇಷ್ಟ್ರು, ತಡವರಿಸದೆ.

ತಂದೆ ಬಾಗಿಲಿಗೆ ಆತು ನಿಂತಿದ್ದವನು ಹಾಗೇ ಕುಸಿದು ಕೂತ. ತಾಯಿ ಬಾಯಿ ತೆರೆದಳು. ಬಂದದ್ದು ಅಳುವಲ್ಲ, ನಗು.

‘ಬಲಕ್ಕೆ! ನನ್ನ ಮಗಳಿಗೆ ಗುರುತು ಇದ್ದದ್ದು ಬಲ ಹುಬ್ಬಿಗೆ! ನಾನೇ ಅರಿಸಿನ ಒತ್ತಿ ರಕ್ತ ನಿಲ್ಲಿಸಿದ್ದು, ನನಗೆ ಗೊತ್ತಿಲ್ವಾ? ಅದು ಬೇರೆ ಯಾರದೋ ಮಗು. ಅಯ್ಯೋ ಪಾಪ, ಯಾರದೋ ಮಗು. ನೋಡಿದ್ರಾ,’ ಎಂದು ಗಂಡನ ಕಡೆ ತಿರುಗಿದಳು, ‘ನಾನು ಹೇಳಲಿಲ್ವಾ? ಅವಳು ಬದುಕಿದ್ದಾಳೆ.’ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ‘ನಿಮ್ಮ ಋಣ ಯಾವತ್ತೂ ಮರೆಯಲ್ಲ ಸರ್.’

ಏನಾಯಿತೆಂದು ನನಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ತಂದೆ ಟೀ ಅಂಗಡಿಯಲ್ಲಿ ಮುಟ್ಟಿ ತೋರಿಸಿದ್ದು ತನ್ನ ಬಲ ಹುಬ್ಬನ್ನೇ. ಎದುರು ಕೂತು ನೋಡುವವರಿಗೆ ಅದು ಎಡಗಡೆ. ಬೇರೆ ಯಾರಾದರೂ ಆಗಿದ್ದರೆ ಮನಸ್ಸಿನಲ್ಲೇ ತಿರುಗಿಸಿಕೊಳ್ಳುತ್ತಿದ್ದರು. ಮೇಷ್ಟ್ರು ತಿರುಗಿಸಿಕೊಳ್ಳಲಿಲ್ಲ. ಅವರ ಕಸುಬಿನಲ್ಲಿ ಎಡವೆಂದರೆ ಚಿತ್ರದ ಎಡ, ಬಲವೆಂದರೆ ಚಿತ್ರದ ಬಲ. ನಿಂತವರ ಎಡಬಲ ಅಲ್ಲಿ ಲೆಕ್ಕಕ್ಕಿಲ್ಲ. ಬದುಕಿಡೀ ಗುಂಪಿನ ಚಿತ್ರಗಳನ್ನು ತಂದು ‘ಎಡದಿಂದ ಮೂರನೆಯವರು’ ಎಂದು ನನ್ನ ಕೈಲಿ ಬರೆಸಿದ ಮನುಷ್ಯ. ಸುಳ್ಳು ಹೇಳುವಾಗಲೂ ಕಸುಬು ಬಿಡಲಿಲ್ಲ. ನನಗೆ ಆ ಮೆಟ್ಟಿಲ ಮೇಲೇ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಮೇಷ್ಟ್ರಿಗೂ ಅಷ್ಟೊತ್ತಿಗೆ ತಿಳಿದಿತ್ತು. ಅರ್ಧ ಮೆಟ್ಟಿಲಿನಿಂದ ತಿರುಗಿ ಹತ್ತಿದರು. ಆಕೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ನಾನು ಮುಖ ನೋಡಲೇ ಇಲ್ಲಮ್ಮ, ನಿಮ್ಮ ಯಜಮಾನರು ಹೇಳಿಕೊಟ್ಟದ್ದು, ಎಡ ಬಲ ನಾನು ತಪ್ಪಿದೆ, ನಾನು ಸುಳ್ಳುಗಾರ. ಆಕೆ ಆಗಲೇ ಕೋಲು ಎತ್ತಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮೇಷ್ಟ್ರನ್ನು ಕನಿಕರದಿಂದ ನೋಡಿದಳು.

‘ಇವರು ನಿಮ್ಮನ್ನ ಕಾಡಿಸಿದ್ದಾರೆ ಅಂತ ನನಗೆ ಗೊತ್ತು ಸರ್. ನಾನು ಓಡಾಡಬಾರದು ಅಂತ ಇವರಿಗೆ. ನಿಮ್ಮ ಬಗ್ಗೆ ನಾನೂ ವಿಚಾರಿಸಿದ್ದೀನಿ. ಕಾಣದ್ದನ್ನ ಕಂಡೆ ಅನ್ನೋರಲ್ಲ ಅಂತ ಎಲ್ಲರೂ ಹೇಳಿದ್ರು. ನೀವು ಮೊದಲು ಹೇಳಿದ್ದೇ ನಿಜ.’

ಅದಾದ ಮೇಲೆ ಮೇಷ್ಟ್ರು ಅಲ್ಲಿಗೆ ಮತ್ತೆ ಮತ್ತೆ ಹೋದರು. ತಾವು ಮುಖ ನೋಡಿಲ್ಲವೆಂದು ಹೇಳಿಸಲು ಹದ್ದನ್ನೂ ಕರೆದೊಯ್ದರು. ಆಕೆ ಹದ್ದಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ, ಅವನ ಹೆಸರು ಅಷ್ಟು ಚೆನ್ನಾಗಿತ್ತು. ಕೊನೆಗೆ ಈ ಊರಿನಲ್ಲಿ ಹುಡುಕುವುದು ಮುಗಿಯಿತೆಂದು ಆಕೆ ಬೇರೆ ಊರುಗಳಿಗೆ ಹೊರಟಳು. ತಂದೆ ಗಣಿಯ ಕೆಲಸ ಬಿಟ್ಟು ಅವಳ ಜೊತೆ ಹೋದ. ಮಗಳು ಎಲ್ಲಿ ಹೂತುಹೋಗಿದ್ದಾಳೆಂದು ಬಲ್ಲವನು. ಕುಂಟುವವಳನ್ನು ಒಂಟಿಯಾಗಿ ಕಳಿಸುವುದು ಹೇಗೆ ಎಂದಷ್ಟೇ ನನಗೆ ಹೇಳಿದ.

ಮೇಷ್ಟ್ರು ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತು. ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗುತ್ತಾರೆ. ಬೆಂಕಿ ಬಿದ್ದ ಕಡೆ, ಬಸ್ಸು ಉರುಳಿದ ಕಡೆ, ಮುಖವಿರುವ ಚಿತ್ರ, ಮುಖವಿಲ್ಲದ ಚಿತ್ರ ಎರಡನ್ನೂ ತಂದು ನನ್ನ ಮುಂದೆ ಹಾಕಿ, ‘ಯಾವುದು ಬೇಕೋ ಹಾಕು,’ ಎನ್ನುತ್ತಾರೆ. ಕೆಳಗಿನ ಸಾಲಿಗೂ ಈಗ ಜಗಳವಿಲ್ಲ. ತಾಯಿ ಅಂತ ಬರೆದರೂ ಹೂಂ, ಮಹಿಳೆ ಅಂತ ಬರೆದರೂ ಹೂಂ. ಒಂದು ಸಲ ಬೇಕೆಂದೇ ತಪ್ಪು ಬರೆದು ತೋರಿಸಿದೆ, ಬೈಯಲಿ ಎಂದು. ಓದಿ, ಸರಿಯಾಗಿದೆ ಅಂದರು. ಅವತ್ತು ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಭಾನುವಾರ ಸಂಜೆ ಮಾತ್ರ ಅವರು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಾರೆ, ಫೋನನ್ನು ಮೇಜಿನ ಮೇಲಿಟ್ಟುಕೊಂಡು. ಆಕೆ ಎಲ್ಲಿದ್ದರೂ ಅಂದು ಫೋನ್ ಮಾಡುತ್ತಾಳೆ. ಹೋದ ವಾರ ಯಾವುದೋ ದೊಡ್ಡ ನಿಲ್ದಾಣದಿಂದ ಮಾಡಿದ್ದಳು. ಹಿಂದೆ ಜನರ ಗದ್ದಲ. ಆ ಗದ್ದಲದಲ್ಲಿ ತಂದೆಯ ದನಿ, ಯಾರನ್ನೋ ನಿಲ್ಲಿಸಿ, ಏಳು ವರ್ಷದ ಹುಡುಗಿ ಕಂಡಿರಾ ಎಂದು ಕೇಳುತ್ತಿತ್ತು.

‘ಈ ಊರಲ್ಲೂ ಇಲ್ಲ ಸರ್. ಕಾಲು ಸ್ವಲ್ಪ ಕೀವಾಗಿದೆ, ಪರವಾಗಿಲ್ಲ. ನೀವು ಬೇಜಾರು ಮಾಡ್ಕೋಬೇಡಿ. ನೀವು ಬೇಜಾರಲ್ಲಿದ್ದೀರಿ ಅಂತ ದನಿಯಲ್ಲೇ ಗೊತ್ತಾಗುತ್ತೆ. ನೀವೇ ತಾನೆ ನನಗೆ ಧೈರ್ಯ ಕೊಟ್ಟಿದ್ದು? ಸಿಕ್ಕೇ ಸಿಕ್ತಾಳೆ ಸರ್. ಸಿಗಲ್ವಾ?’

ಮೇಷ್ಟ್ರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

‘ಸಿಕ್ತಾಳಮ್ಮ,’ ಎಂದರು.